ಸೂಜಿಯ ರಂಧ್ರದಿಂದ ಮಸೂರದವರೆಗೆ

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಅದರ ಹಿಂಭಾಗದ ಕತ್ತಲೆ ಕೋಣೆಯನ್ನು ಇಣಿಕಿ ನೋಡದೆ ಹಿಂದಿರುಗುವುದು ಅಪರೂಪ. ಅಲ್ಲಿ ಗೋಡೆಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಎದುರಿನ ಗೋಡೆಯ ಮೇಲೆ, ಬಜಾರಿನ ಕಡೆಗೆ ಮುಖಮಾಡಿ ನಿಂತ ಒಂಬತ್ತು ನೆಲೆಯ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಕಲಶ ಕೆಳಗೆ, ಬಾಗಿಲು ಮೇಲೆ! ಜನರು ಇದನ್ನು ‘ಗೋಪುರದ ನೆರಳು’ ಎನ್ನುತ್ತಾರೆ. ವಾಸ್ತವವಾಗಿ ಅದು ನೆರಳಲ್ಲ, ಬಿಂಬ. ನೆರಳೆಂಬುದು ಬೆಳಕಿಲ್ಲದ ಎಡೆ; ಇದಾದರೋ ಬೆಳಕೇ ಬರೆದ ಚಿತ್ರ.

ಇದರ ಗುಟ್ಟು ಸರಳವಾದದ್ದು. ಬೆಳಕು ನೆಟ್ಟನೆಯ ಗೆರೆಯಲ್ಲಿ ಸಾಗುತ್ತದೆ. ಕಲಶದಿಂದ ಹೊರಟ ಕಿರಣ ಕಿಂಡಿಯಲ್ಲಿ ನುಸುಳಿ ಕೆಳಕ್ಕೂ, ಬುಡದಿಂದ ಹೊರಟದ್ದು ಮೇಲಕ್ಕೂ ಹೋಗಿ ಗೋಡೆಯನ್ನು ಮುಟ್ಟುತ್ತವೆ. ಗೋಪುರದ ಎತ್ತರ ಸುಮಾರು 50 ಮೀಟರ್. ಅದು ಕಿಂಡಿಯಿಂದ 100 ಮೀಟರ್ ದೂರದಲ್ಲಿಯೂ, ಕೋಣೆಯ ಗೋಡೆ 4 ಮೀಟರ್ ಹಿಂದೆಯೂ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಬಿಂಬದ ಎತ್ತರ 2 ಮೀಟರ್ ಆಗುತ್ತದೆ. ಹನ್ನೊಂದನೆಯ ಶತಮಾನದಲ್ಲಿಯೇ ಅರಬ್ಬೀ ಪಂಡಿತ ಇಬ್ನ್ ಅಲ್-ಹೈತಮ್ ಇಂಥ ಕಿಂಡಿಯ ಬೆಳಕನ್ನು ಕುರಿತು ವಿಚಾರಮಾಡಿದ್ದನು.

ನಾನು ಕನ್ನಡ ಪಂಡಿತ; ವಿಜ್ಞಾನದ ಉಪಾಧ್ಯಾಯನಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋಗಿದ್ದೆವು. ಬಜಾರಿನ ಬೀದಿಯಲ್ಲಿ ನಿಲ್ಲಿಸಿ, ಗೋಪುರದ ನೆಲೆಗಳನ್ನು ಎಣಿಸಿರೆಂದು ಹೇಳಿದೆ. ಎಲ್ಲರೂ ಎಣಿಸಿದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಸುಮ್ಮನೆ ನಿಂತಿದ್ದ. ಕಪ್ಪು ಹಲಗೆಯ ಮೇಲೆ ಬರೆದುದನ್ನು ತಪ್ಪುತಪ್ಪಾಗಿ ಬರೆದುಕೊಳ್ಳುವವನು ಅವನು. ಆ ತಪ್ಪಿಗಾಗಿ ನಾನೇ ಎಷ್ಟೋ ಸಲ ಮಂದಮತಿಯೆಂದು ಬೈದಿದ್ದೆ. ಜೊತೆಗಿದ್ದ ವಿಜ್ಞಾನದ ಮೇಷ್ಟ್ರು ಏನನ್ನೋ ಊಹಿಸಿ, ಒಂದು ತುಂಡು ರಟ್ಟಿಗೆ ಸೂಜಿಯಿಂದ ತೂತುಮಾಡಿ, “ಇದರೊಳಗಿಂದ ನೋಡಪ್ಪ” ಎಂದು ಕೊಟ್ಟರು. ಹುಡುಗ ನೋಡಿದ. “ಸಾರ್, ಗೊಂಬೆಗಳೆಲ್ಲಾ ಕಾಣ್ತವೆ!” ಎಂದು ಕೂಗಿದ. ನೆಲೆಗಳನ್ನು ಎಣಿಸಿ ಒಂಬತ್ತು ಎಂದ. ನನಗೆ ತಲೆಯೆತ್ತಿ ಗೋಪುರ ನೋಡುವ ಧೈರ್ಯವಾಗಲಿಲ್ಲ.

ಹ್ರಸ್ವದೃಷ್ಟಿಯವನ ಕಣ್ಣಿನಲ್ಲಿ ದೂರದ ವಸ್ತುವಿನ ಕಿರಣಗಳು ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿಕೊಂಡುಬಿಡುತ್ತವೆ. ಪಟಲದ ಮೇಲೆ ಪ್ರತಿಯೊಂದು ಚುಕ್ಕೆಯೂ ಹರಡಿದ ಮಚ್ಚೆಯಾಗುತ್ತದೆ. ಸೂಜಿಯ ರಂಧ್ರ ಬೆಳಕಿನ ಕಂತೆಯನ್ನು ಸಣ್ಣದುಮಾಡುವುದರಿಂದ ಮಚ್ಚೆ ಕುಗ್ಗಿ ಚಿತ್ರ ತಿಳಿಯಾಗುತ್ತದೆ. ವಿರೂಪಾಕ್ಷನ ಗುಡಿಯ ಕಿಂಡಿ ಮಾಡುವ ಕೆಲಸವೂ ಇದೇ.

ಹಾಗಾದರೆ ಎಲ್ಲರೂ ತೂತಿನ ರಟ್ಟನ್ನೇ ಕಟ್ಟಿಕೊಳ್ಳಬಹುದಲ್ಲವೆ? ಸಾಲದು. ರಂಧ್ರ ಸಣ್ಣದಾದಷ್ಟೂ ಬೆಳಕು ಕಡಮೆ. ದೊಡ್ಡದಾದರೆ ಚಿತ್ರ ಮಸುಕು. ತೀರ ಸಣ್ಣದಾದರಂತೂ ಬೆಳಕು ಅಂಚಿನಲ್ಲಿ ಬಾಗಿ ಹರಡಿ ಮತ್ತೆ ಮಸುಕಾಗುತ್ತದೆ. 50 ಮಿಲಿಮೀಟರ್ ಅಗಲದ ಮಸೂರವಾದರೋ 1 ಮಿಲಿಮೀಟರ್ ರಂಧ್ರಕ್ಕಿಂತ 2,500 ಪಾಲು ಹೆಚ್ಚು ಬೆಳಕನ್ನು ಹಿಡಿದು ಒಂದೆಡೆಗೆ ತರುತ್ತದೆ. ‘ಮಸೂರ’ವೆಂದರೆ ನಮ್ಮ ಚನ್ನಂಗಿ ಬೇಳೆ. ಲ್ಯಾಟಿನ್ ಭಾಷೆಯ ‘ಲೆನ್ಸ್’ ಶಬ್ದಕ್ಕೂ ಅದೇ ಅರ್ಥ. ಗಾಜಿನ ಉಬ್ಬು ಬಿಲ್ಲೆ ಆ ಕಾಳಿನ ಆಕಾರದಲ್ಲಿರುವುದೇ ಈ ಹೆಸರಿಗೆ ಕಾರಣ.

ಆದರೆ ಮಸೂರವನ್ನೂ ದರ್ಪಣವನ್ನೂ ನಿಖರವಾಗಿ ಮಾಡುವುದು ಹೇಗೆ? ದೂರದರ್ಶಕದ ಒಳ್ಳೆಯ ದರ್ಪಣದ ಮೈಯಲ್ಲಿ ಏರುತಗ್ಗು ಸುಮಾರು 0.00007 ಮಿಲಿಮೀಟರನ್ನು ಮೀರಬಾರದು. ಇದು ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲು. ಇಂಥ ಕೆಲಸಕ್ಕೆ ದೊಡ್ಡ ಯಂತ್ರಾಗಾರವೇ ಬೇಕೆಂದು ತೋರುವುದು ಸಹಜ. ಸೋಜಿಗವೆಂದರೆ, ಎರಡು ಗಾಜಿನ ಬಿಲ್ಲೆ, ಸ್ವಲ್ಪ ಮರಳು, ನೀರು, ಮನುಷ್ಯನ ಎರಡು ಕೈ ಇವಿಷ್ಟರಿಂದಲೇ ಇದು ಸಾಧ್ಯ.

ಮನೆಯ ಗಂಧ ತೇಯುವ ಕಲ್ಲನ್ನು ನೆನೆಯಿರಿ. ತೇದು ತೇದು ಅದರ ನಡು ತಗ್ಗಾಗಿರುತ್ತದೆ. ಇಲ್ಲಿಯೂ ಹಾಗೆಯೇ. ಒಂದು ಬಿಲ್ಲೆಯನ್ನು ಪೀಠದ ಮೇಲೆ ಭದ್ರಪಡಿಸಿ, ಕಾರ್ಬೊರಂಡಮ್ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕಿ, ಮೇಲೆ ಇನ್ನೊಂದು ಬಿಲ್ಲೆಯನ್ನಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಆಗಾಗ ಮೇಲಿನದನ್ನು ತಿರುಗಿಸುತ್ತಾರೆ. ತಾವೂ ಪೀಠದ ಸುತ್ತ ಸರಿಯುತ್ತಾರೆ. ಮೇಲಿನದರ ನಡುವೂ ಕೆಳಗಿನದರ ಅಂಚೂ ಹೆಚ್ಚು ಸವೆದು, ಮೇಲಿನದು ತಗ್ಗು, ಕೆಳಗಿನದು ಉಬ್ಬು ಆಗುತ್ತವೆ. ಯಾವ ಕಡೆಗೆ ಜಾರಿಸಿದರೂ, ಹೇಗೆ ತಿರುಗಿಸಿದರೂ ಒಂದಕ್ಕೊಂದು ಪೂರ್ತಿಯಾಗಿ ತಗಲಿಕೊಂಡಿರಬಲ್ಲ ಬಾಗುಮೈ ಗೋಳದ್ದು ಮಾತ್ರ. ಆದಕಾರಣ ಉಬ್ಬಿದ ಕಡೆ ತಾನಾಗಿಯೇ ಸವೆದು ಗೋಳ ಸಿದ್ಧವಾಗುತ್ತದೆ. ಕೈಯ ಸಣ್ಣ ತಪ್ಪನ್ನು ಉಜ್ಜುವ ಕ್ರಮವೇ ತಿದ್ದಿಕೊಳ್ಳುತ್ತದೆ. ಮುಂದೆ ನುಣುಪು, ಇನ್ನೂ ನುಣುಪು ಪುಡಿಗಳಿಂದ ಉಜ್ಜಿ, ಕೊನೆಗೆ ರಾಳದಂಥ ಕೀಲಿನ ಮೆತ್ತೆಯ ಮೇಲೆ ಮೆರುಗು ಕೊಡುತ್ತಾರೆ. 150 ಮಿಲಿಮೀಟರ್ ಅಗಲ, 1,500 ಮಿಲಿಮೀಟರ್ ನಾಭಿದೂರದ ದರ್ಪಣಕ್ಕೆ ಬೇಕಾದ ತಗ್ಗು ನಡುವಿನಲ್ಲಿ ಒಂದು ಮಿಲಿಮೀಟರಿಗಿಂತಲೂ ಕಡಮೆ. ಇಷ್ಟು ನೀಳ ನಾಭಿದೂರಕ್ಕೆ ಗೋಳವೇ ಸಾಕು. ಬೇರೆ ಆಕಾರದ ತೊಡಕಿಲ್ಲ.

ತಪ್ಪು ಉಳಿದಿದೆಯೇ ಎಂದು ತಿಳಿಯುವುದೆಂತು? ಕೂದಲಿನ ಸಾವಿರದ ಪಾಲನ್ನು ಬೆರಳು ಅರಿಯದು. 1858 ರಲ್ಲಿ ಫ್ರಾನ್ಸಿನ ಫೂಕೋ ಒಂದು ಉಪಾಯ ಕಂಡುಹಿಡಿದನು. ಸೂಜಿರಂಧ್ರದಿಂದ ಹೊರಡುವ ಬೆಳಕನ್ನು ದರ್ಪಣದ ಮೇಲೆ ಬಿಟ್ಟು, ಅದು ಮರಳಿ ಒಂದೆಡೆ ಕೂಡುವ ಬಿಂದುವನ್ನು ಚೂರಿಯ ಅಲಗಿನಿಂದ ನಿಧಾನವಾಗಿ ಕತ್ತರಿಸುತ್ತಾ ಬರಬೇಕು. ಗೋಳ ಸರಿಯಾಗಿದ್ದರೆ ದರ್ಪಣವೆಲ್ಲ ಒಮ್ಮೆಗೇ ಕಪ್ಪಾಗುತ್ತದೆ. ಇಲ್ಲವಾದರೆ ಏರುತಗ್ಗುಗಳು ಬೆಟ್ಟ ಕಣಿವೆಗಳಂತೆ ಎದ್ದು ಕಾಣುತ್ತವೆ. ಇಲ್ಲಿಯೂ ಹಂಪೆಯ ಕಿಂಡಿಯ ತಮ್ಮನೇ ಬಂದು ನಿಂತಿದ್ದಾನೆ, ನೋಡಿ!

ಸರಳ ಪರೀಕ್ಷೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ 1990 ರಲ್ಲಿ ಅಮೆರಿಕದವರು ಆಕಾಶಕ್ಕೆ ಕಳುಹಿಸಿದ ಹಬಲ್ ದೂರದರ್ಶಕವೇ ಸಾಕ್ಷಿ. ಅದರ ದರ್ಪಣವನ್ನು ಅತ್ಯಂತ ನಯವಾಗಿ, ಆದರೆ ತಪ್ಪು ಆಕಾರಕ್ಕೆ ಉಜ್ಜಲಾಗಿತ್ತು. ಪರೀಕ್ಷಿಸುವ ಉಪಕರಣದ ಒಂದು ಮಸೂರ 1.3 ಮಿಲಿಮೀಟರ್ ಸರಿದು ಕುಳಿತದ್ದೇ ಕಾರಣ. ಬೇರೆ ಪರೀಕ್ಷೆಗಳು ದೋಷವನ್ನು ತೋರಿದ್ದರೂ ಅವನ್ನು ನಂಬಿರಲಿಲ್ಲ. 1993 ರಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ಸಾಧನಗಳನ್ನು ಜೋಡಿಸಬೇಕಾಯಿತು. ನಮ್ಮಲ್ಲಿ ಕವಲೂರಿನ 2.34 ಮೀಟರ್ ದೂರದರ್ಶಕದ ದರ್ಪಣವನ್ನು ಉಜ್ಜಿ ಮೆರುಗುಕೊಟ್ಟವರು ಬೆಂಗಳೂರಿನ ಭಾರತೀಯ ತಾರಾಭೌತಶಾಸ್ತ್ರ ಸಂಸ್ಥೆಯವರೇ. ಅದರ ಕನಸು ಕಂಡ ವೇಣು ಬಾಪು ಅವರು 1982 ರಲ್ಲಿ ತೀರಿಕೊಂಡರು. 1986 ರಲ್ಲಿ ಅದು ಅವರ ಹೆಸರಿನಿಂದಲೇ ಉದ್ಘಾಟನೆಯಾಯಿತು.

ಕನ್ನಡಕದ ಗಾಜಿಗೆ ಇಷ್ಟು ಬಿಗಿ ಬೇಕಿಲ್ಲ. ಆದರೆ ಅದು ಅಗ್ಗವಾಗಬೇಕು. ಹಿಂದೆ ಒಂದೇ ಅಚ್ಚಿನ ಮೇಲೆ ಹಲವಾರು ಬಿಲ್ಲೆಗಳನ್ನು ಅಂಟಿಸಿ ಒಟ್ಟಿಗೆ ಉಜ್ಜುವ ರೂಢಿ ಬಂದಿತು. ಆಮೇಲೆ ಗಟ್ಟಿಯಾದ ಪ್ಲಾಸ್ಟಿಕ್ ಬಂದ ಮೇಲೆ ಉಜ್ಜುವ ಶ್ರಮವನ್ನೆಲ್ಲ ಅಚ್ಚಿಗೆ ಒಮ್ಮೆ ಕೊಟ್ಟರೆ ಸಾಕಾಯಿತು. ಅಚ್ಚು ನಿಖರವಾದರೆ ಅದರಲ್ಲಿ ಎರಕ ಹೊಯ್ದ ಮಸೂರಗಳೆಲ್ಲ ನಿಖರ. ನಮ್ಮ ಜೇಬಿನ ಮೊಬೈಲಿನ ಪುಟ್ಟ ಮಸೂರಗಳೂ ಹೆಚ್ಚಾಗಿ ಹೀಗೆಯೇ ಅಚ್ಚಿನಲ್ಲಿ ಮೂಡಿದವು. ನಿಖರತೆಯನ್ನು ಬಿಟ್ಟುಕೊಡದೆ, ಅದನ್ನು ಒಂದೆಡೆ ಕಷ್ಟಪಟ್ಟು ಗಳಿಸಿ ಸಾವಿರ ಕಡೆ ಹಂಚುವುದೇ ಇಲ್ಲಿನ ಸರಳೀಕರಣದ ತಿರುಳು.

ಆ ಹುಡುಗನಿಗೆ ವೈದ್ಯರು ನಿಮ್ನಮಸೂರದ ಕನ್ನಡಕ ಕೊಟ್ಟರು. ಮುಂದಿನ ವಾರ ಅವನ ಪುಸ್ತಕದಲ್ಲಿ ಒತ್ತಕ್ಷರಗಳು ಸರಿಯಾಗಿ ಕುಳಿತಿದ್ದವು. ಬುದ್ಧಿ ಎಂದೂ ಮಂದವಾಗಿರಲಿಲ್ಲ.

ನಿಮ್ಮ ಮನೆಯ ಮಗುವೂ ದೂರದ ಅಕ್ಷರಕ್ಕೆ ಕಣ್ಣು ಕಿರಿದುಮಾಡುತ್ತಿದ್ದರೆ, ರಟ್ಟಿಗೊಂದು ಸೂಜಿಯ ತೂತು ಮಾಡಿ, ಒಂದು ಕಣ್ಣನ್ನು ಮುಚ್ಚಿಸಿ, ಇನ್ನೊಂದರಿಂದ ಗೋಡೆಯ ಕ್ಯಾಲೆಂಡರನ್ನು ಓದಿಸಿ. ರಂಧ್ರದಲ್ಲಿ ಅಕ್ಷರ ತಿಳಿಯಾಗುವುದಾದರೆ ಕನ್ನಡಕದಿಂದ ಗುಣವಾದೀತು. ತಿಳಿಯಾಗದಿದ್ದರೆ ಬೇರೆ ದೋಷವಿರಬಹುದು. ಎರಡರಲ್ಲಿ ಯಾವುದಾದರೂ ಕಣ್ಣಿನ ವೈದ್ಯರಲ್ಲಿಗೆ ಹೋಗುವುದು ತಪ್ಪದು. ಬೈಯುವುದಕ್ಕೆ ಮೊದಲು ಹೋಗಿರಿ. ನಾನು ಹೋದದ್ದು ಬೈದ ಮೇಲೆ.