ಕಾರಿನ ಕೆಳಗೆ ನುಸುಳುವ ಮುನ್ನ

"ಕಾರಿನ ವಿಷಯ ಹೆಂಗಸರ ಪತ್ರಿಕೆಯಲ್ಲಿ ಯಾಕೆ?" ಎಂದು ನೀವು ಪುಟ ತಿರುಗಿಸುವ ಮೊದಲು ಒಂದು ಮಾತು. ಈಗ ಬೀದಿ ಬೀದಿಗೂ ಕಾರು ಬಂದಿದೆ. ಹೊಸದೋ, ಯಾರೋ ಬಳಸಿ ಮಾರಿದ್ದೋ, ಅಂತೂ ಎಷ್ಟೋ ಮನೆಗಳ ಮುಂದೆ ಒಂದು ನಿಂತಿರುತ್ತದೆ. ಭಾನುವಾರ ಬಂತೆಂದರೆ ಮನೆಯ ಗಂಡಸರು ಹಳೇ ಲುಂಗಿ ಉಟ್ಟು, ಪಾನಾ ಹಿಡಿದು ಅದರ ಬುಡಕ್ಕೆ ಹೋಗುತ್ತಾರೆ. ಗ್ಯಾರೇಜಿನ ಖರ್ಚು ಉಳಿಯಿತೆಂದು ನಮಗೂ ಸಂತೋಷವೇ. ಆದರೆ ಕಾರು ಎತ್ತುವ ಹೊತ್ತಿಗೆ ಪಕ್ಕದಲ್ಲಿರುವವರು ನಾವು. ಮಕ್ಕಳನ್ನು ಹಿಡಿಯುವವರು ನಾವು. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಓಡುವವರೂ ನಾವೇ. ಹೀಗಿರುವಾಗ ಅದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಮಗೆ ತಿಳಿದಿರಬೇಡವೇ?

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ, ಕೇಳಿ.

ಮಳೆಗಾಲ ಆಗತಾನೆ ಶುರುವಾಗಿತ್ತು. ಮುಂದಿನ ಎಡಗಡೆ ಚಕ್ರದ ಹತ್ತಿರ ಏನೋ 'ಕಟಕಟ' ಶಬ್ದ ಬರುತ್ತಿದೆಯೆಂದು ನಮ್ಮ ಯಜಮಾನರು ಕಾರನ್ನು ಮನೆ ಪಕ್ಕದ ಮಣ್ಣಿನ ಜಾಗದಲ್ಲಿ ನಿಲ್ಲಿಸಿದರು. ಕಾರಿನ ಜೊತೆ ಬಂದಿದ್ದ ಜಾಕನ್ನು ಕೊಟ್ಟು ಎತ್ತಿ, ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದರು. ಗೋಣಿತಾಟು ಹಾಸಿಕೊಂಡು, ತಲೆ ಭುಜ ಎರಡನ್ನೂ ಒಳಗೆ ಹಾಕಿ ಮಲಗಿದರು. ನಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. "ರೀ, ಜಾಕು ಸ್ವಲ್ಪ ವಾಲಿದ ಹಾಗಿದೆಯಲ್ಲಾ" ಅಂದೆ. "ಏನೂ ಆಗಲ್ಲ, ಸುಮ್ಮನಿರು. ಎರಡು ನಿಮಿಷದ ಕೆಲಸ" ಅಂದರು. ಕಾರಿನ ವಿಷಯ ನನಗೇನು ಗೊತ್ತು ಎಂದು ನಾನೂ ಸುಮ್ಮನಾದೆ.

ಬೇರೆ ಅಳತೆಯ ಪಾನಾ ಬೇಕಾಗಿ ಅವರು ಈಚೆ ಬಂದರು. ಡಬ್ಬಿಯಲ್ಲಿ ಹುಡುಕುತ್ತಾ ನಿಂತಿದ್ದರು. ಅಷ್ಟರಲ್ಲಿ 'ಧಡ್' ಎಂದು ಶಬ್ದ. ನೋಡಿದರೆ ಜಾಕು ಮಗ್ಗುಲಾಗಿ ಮಲಗಿದೆ, ಕಾರು ನೆಲಕ್ಕೆ ಕುಕ್ಕರಿಸಿದೆ. ಅವರ ತಲೆ ಇದ್ದ ಜಾಗದ ಗೋಣಿತಾಟು ಕಬ್ಬಿಣದ ಕೆಳಗೆ ಸಿಕ್ಕಿಕೊಂಡಿತ್ತು. ಎಳೆದರೂ ಬರಲಿಲ್ಲ. ಇಬ್ಬರೂ ಎಷ್ಟೋ ಹೊತ್ತು ಒಂದು ಮಾತೂ ಆಡಲಿಲ್ಲ. ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಕಾರಿನದೂ ತಪ್ಪಲ್ಲ, ಜಾಕಿನದೂ ತಪ್ಪಲ್ಲ. ತಪ್ಪು ನಮ್ಮದೇ. ಮಾರನೇ ದಿನ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿ, ನನ್ನ ಕಡೆ ತಿರುಗಿ ಹೇಳಿದ ಮಾತು ಇಷ್ಟೇ: "ಅಮ್ಮಾ, ಜಾಕು ಇರೋದು ಎತ್ತೋದಕ್ಕೆ. ಹೊತ್ತುಕೊಂಡು ನಿಲ್ಲೋದಕ್ಕಲ್ಲ." ಈ ಒಂದು ಮಾತನ್ನು ನೀವು ನೆನಪಿಟ್ಟುಕೊಂಡರೆ ಈ ಲೇಖನ ಬರೆದದ್ದು ಸಾರ್ಥಕ.

ಇಕ್ಕಳ ಬೇರೆ, ಸಿಂಬಿ ಬೇರೆ

ಅಡಿಗೆಮನೆಯಲ್ಲಿ ಇದು ನಮಗೆ ಗೊತ್ತಿರುವ ವಿಷಯವೇ. ಕುದಿಯುವ ಸಾರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಎತ್ತುತ್ತೇವೆ. ಆದರೆ ಇಕ್ಕಳದಲ್ಲೇ ಹಿಡಿದುಕೊಂಡು ನಿಂತಿರುತ್ತೇವೆಯೇ? ಸಿಂಬಿಯ ಮೇಲೆ ಇಟ್ಟು ಕೈ ಬಿಡುತ್ತೇವೆ. ಕಾರಿಗೆ ಜಾಕು ಎಂದರೆ ಇಕ್ಕಳ. ಸಿಂಬಿಯ ಕೆಲಸ ಮಾಡುವುದಕ್ಕೆ ಬೇರೆಯೇ ವಸ್ತು ಇದೆ. ಅದಕ್ಕೆ ಜಾಕ್ ಸ್ಟ್ಯಾಂಡ್ ಎನ್ನುತ್ತಾರೆ. ಅಗಲವಾದ ಕಾಲುಗಳ ಮೇಲೆ ನಿಲ್ಲುವ ಗಟ್ಟಿ ಉಕ್ಕಿನ ಸ್ಟ್ಯಾಂಡು. ಬೇಕಾದಷ್ಟು ಎತ್ತರ ಮಾಡಿ ಹಲ್ಲಿಗೋ ಪಿನ್ನಿಗೋ ಸಿಕ್ಕಿಸಿ ನಿಲ್ಲಿಸಬಹುದು.

ಕಾರಿನ ಭಾರ ಎಷ್ಟು ಗೊತ್ತೇ? 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಪುಟ್ಟ ಕಾರೇ ಸುಮಾರು 650 ಕಿಲೋ ತೂಗುತ್ತದೆ. ಅಂದರೆ 25 ಕಿಲೋ ಅಕ್ಕಿ ಮೂಟೆಗಳು 26! ಇಂಜಿನ್ನು ಮುಂದಿರುವುದರಿಂದ ಭಾರವೂ ಮುಂಭಾಗಕ್ಕೇ ಹೆಚ್ಚು. ಕಾರಿನ ಜೊತೆ ಕೊಡುವ, ಕತ್ತರಿಯಂತೆ ಬಿಚ್ಚಿಕೊಳ್ಳುವ ಜಾಕಿನ ಪಾದವೋ ಅಂಗೈ ಅಗಲ. ಅದನ್ನು ಕೊಟ್ಟಿರುವುದು ದಾರಿಯಲ್ಲಿ ಪಂಕ್ಚರ್ ಆದರೆ ಚಕ್ರ ಬದಲಿಸಲಿಕ್ಕೆ ಮಾತ್ರ. ಎಣ್ಣೆ ತುಂಬಿದ ಬಾಟ್ಲಿ ಜಾಕು, ಟ್ರಾಲಿ ಜಾಕುಗಳು ಇನ್ನಷ್ಟು ಬಲಶಾಲಿ ನಿಜ. ಆದರೆ ಒಳಗಿನ ವಾಷರು ಸವೆದು ಎಣ್ಣೆ ಸೋರಿದರೆ ಅವೂ ಇಳಿದುಬಿಡುತ್ತವೆ. ಜಾಕು ಯಾವುದೇ ಇರಲಿ, ಮಾತು ಒಂದೇ: ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆಯಿರಲಿ, ಕೈಯನ್ನೂ ಹಾಕಬಾರದು.

ಮೊದಲು ಕೇಳಬೇಕಾದ ಪ್ರಶ್ನೆ

ಕಾರನ್ನು ಎತ್ತಲೇಬೇಕೇ? ಇಂಜಿನ್ ಆಯಿಲ್ ಮಟ್ಟ ನೋಡುವುದು, ಚಕ್ರದ ಗಾಳಿ, ವೈಪರ್ ರಬ್ಬರು, ಗಾಜು ತೊಳೆಯುವ ನೀರು, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಹಸಿರು ಕಿಲುಬು ತೆಗೆಯುವುದು, ಇವಕ್ಕೆಲ್ಲ ಕಾರು ಎತ್ತುವ ಅಗತ್ಯವೇ ಇಲ್ಲ. ಬ್ರೇಕು, ಸ್ಟೇರಿಂಗು, ಗೇರ್‌ಬಾಕ್ಸಿನ ಕೆಲಸವಾದರೆ ಗುಂಡಿ ಅಥವಾ ಲಿಫ್ಟ್ ಇರುವ ಗ್ಯಾರೇಜಿಗೇ ಒಯ್ಯಿರಿ. ಅಲ್ಲಿ ಉಳಿಸುವ ಹಣ ಉಳಿತಾಯವಲ್ಲ. ಇವೆರಡರ ನಡುವೆ ಉಳಿಯುವುದು ಚಕ್ರ ಬದಲಿಸುವುದು, ಆಯಿಲ್ ಬದಲಿಸುವುದು, ಕೆಳಗೆ ತುಕ್ಕು ಹಿಡಿದಿದೆಯೇ ಎಂದು ನೋಡುವುದು, ಇಷ್ಟೇ. ಇವಕ್ಕೆ ಎತ್ತುವುದಾದರೆ ಕ್ರಮವಾಗಿ ಎತ್ತೋಣ.

ನೆಲ

ನೆಲ ಸಮವಾಗಿರಬೇಕು, ಗಟ್ಟಿಯಾಗಿರಬೇಕು. ಸಿಮೆಂಟಿನ ನೆಲವಾದರೆ ಒಳ್ಳೆಯದು. ಇಳಿಜಾರಿನಲ್ಲಿ ಬೇಡವೇ ಬೇಡ. ಮಳೆಗೆ ನೆನೆದ ಮಣ್ಣಿನಲ್ಲಿ ಜಾಕಿನ ಪಾದ ಒಂದು ಕಡೆಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಬಿಸಿಲಿಗೆ ಕಾದು ಮೆತ್ತಗಾದ ಟಾರಿನಲ್ಲೂ ಹಾಗೆಯೇ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಜಾಕಿನ ಪಾದಕ್ಕಿಂತ ಅಗಲವಾದ, ದಪ್ಪ ಮರದ ಹಲಗೆಯೊಂದನ್ನು ಅಡಿಗಿಟ್ಟು ಅದರ ಮೇಲೆ ಜಾಕು ಇಡಬೇಕು. ಅಂಥ ಹಲಗೆಯೊಂದು ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಇರಲಿ.

ಚಕ್ರಕ್ಕೆ ಅಡ್ಡ

ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ನಿಲ್ಲಿಸಿ. ಗೇರು ತಾನಾಗಿ ಬದಲಾಗುವ ಕಾರಾದರೆ 'ಪಿ'ಯಲ್ಲಿ ಇಡಿ. ಇಷ್ಟೇ ಸಾಕೆಂದು ಎಷ್ಟೋ ಮಂದಿ ತಿಳಿದಿರುತ್ತಾರೆ. ಸಾಲದು. ಯಾಕೆ ಅಂತೀರಾ? ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂಭಾಗವನ್ನೇ ಎತ್ತಿಬಿಟ್ಟರೆ ಅದು ಹಿಡಿದ ಚಕ್ರಗಳು ಗಾಳಿಯಲ್ಲಿರುತ್ತವೆ! ಇನ್ನು ಇಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ ಈಗಿನ ಸಣ್ಣ ಕಾರುಗಳಲ್ಲಿ ಮುಂದಿನ ಒಂದು ಚಕ್ರ ಎತ್ತಿದರೆ ಗೇರಿನ ಹಿಡಿತವೂ ಹೋಗುತ್ತದೆ. ಎತ್ತಿದ ಚಕ್ರ ಸುಮ್ಮನೆ ತಿರುಗಿಕೊಂಡು, ನೆಲದ ಮೇಲಿರುವುದನ್ನು ಉರುಳಲು ಬಿಟ್ಟುಬಿಡುತ್ತದೆ.

ಆದ್ದರಿಂದ ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಕೊಡಬೇಕು. ಮುಂಭಾಗ ಎತ್ತಿದರೆ ಹಿಂದಿನ ಚಕ್ರಗಳಿಗೆ, ಹಿಂಭಾಗ ಎತ್ತಿದರೆ ಮುಂದಿನ ಚಕ್ರಗಳಿಗೆ. ಓರೆಯಾಗಿ ಕೊಯ್ಸಿದ ಮರದ ತುಂಡುಗಳು ಬಡಗಿಯ ಹತ್ತಿರ ಸಿಗುತ್ತವೆ. ಕೈಗೆ ಸಿಕ್ಕ ದುಂಡುಕಲ್ಲು ಬೇಡ, ಅದು ತಾನೇ ಉರುಳುತ್ತದೆ.

ನಟ್ಟು ಮೊದಲು, ಎತ್ತುವುದು ಆಮೇಲೆ

ಚಕ್ರ ಬಿಚ್ಚುವುದಿದ್ದರೆ ಅದರ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಪೂರ್ತಿ ಬಿಚ್ಚಬೇಡಿ. ಎತ್ತಿದ ಮೇಲೆ ಪಾನಾ ಹಾಕಿ ಬಲವಾಗಿ ಎಳೆದರೆ ಕಾರು ಅಲುಗಾಡಿ ಜಾಕು ಜಾರುತ್ತದೆ. ಉಪ್ಪಿನಕಾಯಿ ಜಾಡಿಯ ಬಿಗಿ ಮುಚ್ಚಳವನ್ನು ತುದಿಗಾಲಲ್ಲಿ ನಿಂತು ತೆಗೆಯಲು ಹೋದ ಹಾಗೆ!

ಜಾಕು ಕೊಡುವ ಜಾಗ

ಕಾರಿನ ಕೆಳಗೆ ಎಲ್ಲೆಂದರಲ್ಲಿ ಜಾಕು ಕೊಡುವಂತಿಲ್ಲ. ಬಾಗಿಲುಗಳ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಅದಕ್ಕೆಂದೇ ಬಲಪಡಿಸಿದ ಜಾಗ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅಲ್ಲಿ ಎರಡು ಕಚ್ಚುಗಳ ಗುರುತು ಇರುತ್ತದೆ. ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಇದರ ಚಿತ್ರವಿದೆ. ತಳದ ತೆಳು ತಗಡಿಗೆ ಜಾಕು ಕೊಟ್ಟರೆ ಒಳಕ್ಕೆ ತೂರುತ್ತದೆ. ಆಯಿಲ್ ತುಂಬಿದ ಚೇಂಬರಿಗೆ ಕೊಟ್ಟರೆ ಒಡೆಯುತ್ತದೆ. ಹಳೇ ಕಾರಾದರೆ ಅಂಚಿಗೆ ತುಕ್ಕು ಹಿಡಿದಿದೆಯೇ ಎಂದೂ ನೋಡಬೇಕು; ತುಕ್ಕು ತಿಂದ ಅಂಚು ಭಾರ ಬಿದ್ದಾಗ ಪುಡಿಯಾಗುತ್ತದೆ.

ನಾವು ಮಾಡಿದ ಉಪಾಯ ಹೇಳುತ್ತೇನೆ. ಮೇಸ್ತ್ರಿಯವರಿಂದಲೇ ಜಾಕಿಗೆ ಎಲ್ಲಿ, ಸ್ಟ್ಯಾಂಡಿಗೆ ಎಲ್ಲಿ ಎಂದು ತೋರಿಸಿಕೊಂಡು, ಆ ಜಾಗಗಳಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇವೆ. ರಂಗೋಲಿಯ ಚುಕ್ಕೆಯಂತೆ! ಇನ್ನು ಯಾರೂ ತಡಕಾಡಬೇಕಾಗಿಲ್ಲ.

ಸ್ಟ್ಯಾಂಡು ಕೊಟ್ಟ ಮೇಲೆಯೇ ಕೆಲಸ

ಕಾರನ್ನು ಬೇಕಾದಷ್ಟೇ ಎತ್ತಿ. ಒಂದು ಸಲಕ್ಕೆ ಒಂದೇ ಕಡೆ. ಗುರುತಿನ ಜಾಗದ ಕೆಳಗೆ ಸ್ಟ್ಯಾಂಡು ಇಟ್ಟು, ಹಲ್ಲು ಅಥವಾ ಪಿನ್ನು ಸರಿಯಾಗಿ ಕೂತಿದೆಯೇ ನೋಡಿ. ಇಡುವಾಗಲೂ ದೇಹ ಹೊರಗೇ ಇರಲಿ, ಕೈ ಪಕ್ಕದಿಂದ ಹೋಗಲಿ. ಆಮೇಲೆ ನಿಧಾನವಾಗಿ ಜಾಕು ಇಳಿಸಿ, ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಕೂರುವಂತೆ ಮಾಡಿ. ಮುಂಭಾಗ ಪೂರ್ತಿ ಎತ್ತಿದರೆ ಎರಡೂ ಕಡೆ ಒಂದೇ ಎತ್ತರದ ಸ್ಟ್ಯಾಂಡು ಬೇಕು. ಈಗ ಕಾರನ್ನು ಕೈಯಿಂದ ಒಮ್ಮೆ ತಳ್ಳಿ ಅಲುಗಿಸಿ. ಬೀಳುವುದಿದ್ದರೆ ಈಗಲೇ ಬೀಳಲಿ, ಕೆಳಗೆ ಯಾರೂ ಇಲ್ಲ! ಅಲುಗದೆ ನಿಂತರೆ ಬಿಚ್ಚಿದ ಚಕ್ರವನ್ನೋ ಸ್ಟೆಪ್ನಿಯನ್ನೋ ಕಾರಿನ ಅಂಚಿನ ಕೆಳಗೆ ಮಲಗಿಸಿ ತಳ್ಳಿ. ಅಕಸ್ಮಾತ್ ಸ್ಟ್ಯಾಂಡು ಕೈಕೊಟ್ಟರೂ ಕಾರು ಚಕ್ರದ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ.

ಸ್ಟ್ಯಾಂಡಿಗೆ ಬದಲು ಇಟ್ಟಿಗೆ ಅಥವಾ ಒಳಗೆ ಪೊಳ್ಳಿರುವ ಸಿಮೆಂಟ್ ಬ್ಲಾಕು ಇಡುವವರಿದ್ದಾರೆ. ಗೋಡೆಯನ್ನೇ ಹೊರುವ ಇಟ್ಟಿಗೆ ಕಾರು ಹೊರಲಾರದೇ ಎಂದು ನಾನೂ ಕೇಳಿದ್ದೆ. ಗೋಡೆಯಲ್ಲಿ ಭಾರ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಕಾರಿನ ಭಾರವಾದರೋ ಒಂದೇ ಬಿಂದುವಿನಲ್ಲಿ ಕೂರುತ್ತದೆ. ಇಟ್ಟಿಗೆ, ಬ್ಲಾಕುಗಳು ಬಾಗುವ ವಸ್ತುಗಳಲ್ಲ, ಮುನ್ಸೂಚನೆ ಕೊಡದೆ ಒಮ್ಮೆಗೇ ಸಿಡಿದು ಪುಡಿಯಾಗುತ್ತವೆ. ಸಣ್ಣ ಕಾರಿಗೆ '2 ಟನ್' ಎಂದು ಬರೆದಿರುವ ಒಂದು ಜೊತೆ ಸ್ಟ್ಯಾಂಡು ಸಾಕು. ಅದರ ಬೆಲೆ ಒಂದು ಸಾಧಾರಣ ರೇಷ್ಮೆ ಸೀರೆಗಿಂತ ಕಡಿಮೆ. ಈ ಸಲದ ಹಬ್ಬಕ್ಕೆ ಸೀರೆ ಬೇಡ, ಇದನ್ನು ತನ್ನಿ ಎಂದು ನಾನೇ ತರಿಸಿದೆ.

ನಮ್ಮ ಕಾವಲು

ಕಾರು ಮೇಲಿರುವಾಗ ಒಳಗೆ ಯಾರೂ ಕೂತಿರಬಾರದು, ಬಾಗಿಲು ಬಡಿಯಬಾರದು, ಇಂಜಿನ್ ಚಾಲೂ ಮಾಡಬಾರದು. ಕೀಲಿ ನಮ್ಮ ಸೆರಗಿನಲ್ಲಿರಲಿ. ಮಕ್ಕಳ ಚೆಂಡು ಉರುಳಿ ಕಾರಿನ ಕೆಳಗೆ ಹೋಗುವುದು ಒಂದು ಕ್ಷಣ, ಮಗು ಅದರ ಹಿಂದೆ ನುಸುಳುವುದು ಇನ್ನೊಂದು ಕ್ಷಣ. ಆ ಹೊತ್ತು ಮಕ್ಕಳು ಒಳಗಿರಲಿ. ಕೆಲಸ ಮಾಡುವವರು ಒಬ್ಬರೇ ಇರಬಾರದು, ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರು ಇರಲೇಬೇಕು. ಊಟಕ್ಕೆಂದು ಎದ್ದು ಬರುವುದಿದ್ದರೆ ಕಾರನ್ನು ಇಳಿಸಿಯೇ ಬರಲಿ.

ಇಳಿಸುವಾಗಲೂ ಆತುರ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಪಾನಾ, ಬಟ್ಟೆ, ಆಯಿಲ್ ಬಾಣಲೆ ಎಲ್ಲ ಈಚೆ ತೆಗೆದು, ಜಾಕಿನಿಂದ ಕೊಂಚ ಎತ್ತಿ ಸ್ಟ್ಯಾಂಡು ತೆಗೆದು, ಮೆಲ್ಲಗೆ ಇಳಿಸಬೇಕು. ಚಕ್ರ ನೆಲ ಮುಟ್ಟಿದ ಮೇಲೆ ನಟ್ಟುಗಳನ್ನು ಸಾಲಾಗಿ ಅಲ್ಲ, ಒಂದಕ್ಕೆ ಎದುರಿನದು ಎಂಬಂತೆ ಬಿಗಿ ಮಾಡಬೇಕು. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿದರೆ ನಿಶ್ಚಿಂತೆ.

ದೇವರು ದೊಡ್ಡವನು, ಅಂಥದ್ದು ಆಗದಿರಲಿ. ಆದರೂ ಯಾರಾದರೂ ಕೆಳಗೆ ಸಿಕ್ಕಿಕೊಂಡರೆ ಗಾಬರಿಯಲ್ಲಿ ಕೈ ಹಿಡಿದು ಎಳೆಯಬೇಡಿ. ನೆರೆಯವರನ್ನು ಕೂಗಿ, 108ಕ್ಕೋ 112ಕ್ಕೋ ಫೋನು ಮಾಡಿಸಿ. ಇನ್ನೊಂದು ಜಾಕು ತರಿಸಿ ಕಾರನ್ನು ಎತ್ತಿ, ಮತ್ತೆ ಕೂರದಂತೆ ಸ್ಟ್ಯಾಂಡೋ ಸ್ಟೆಪ್ನಿಯೋ ಕೊಟ್ಟು, ಆಮೇಲೆ ಬಿಡಿಸಬೇಕು. "ನನಗೇನೂ ಆಗಿಲ್ಲ" ಎಂದು ಅವರು ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಒಳಪೆಟ್ಟು ಹೊರಗೆ ಕಾಣುವುದಿಲ್ಲ.

ಕೊನೆಯದಾಗಿ ಒಂದು ಮಾತು

ಕಾರಿಗೂ ಹೆಂಗಸಿಗೂ ಏನು ಸಂಬಂಧ ಎಂದು ಯಾರಾದರೂ ನಕ್ಕರೆ ಅವರಿಗೆ ಬರ್ತಾ ಬೆಂಜ್ ಎಂಬಾಕೆಯ ಕಥೆ ಹೇಳಿ. ಗಂಡ ತಯಾರಿಸಿದ ಮೋಟಾರು ಗಾಡಿಯಲ್ಲಿ 1888ರ ಆಗಸ್ಟ್‌ನಲ್ಲಿ ಈಕೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ಹೊರಟಳು. 100 ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದಲೇ ಅದನ್ನು ಬಿಡಿಸಿದಳಂತೆ. ಅಷ್ಟು ದೂರದ ಪ್ರಯಾಣವನ್ನು ಮೋಟಾರು ಗಾಡಿಯಲ್ಲಿ ಮೊದಲು ಮಾಡಿದಾಕೆ ಒಬ್ಬ ಹೆಂಗಸು, ಅದೂ ತವರಿಗೆ ಹೋಗುವುದಕ್ಕೆ! ನಮಗಿಂತ ಬೇರೆಯವಳಲ್ಲ, ಅಲ್ಲವೇ?

ಈಗ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು. ಸ್ಟ್ಯಾಂಡು ಕೊಟ್ಟದ್ದನ್ನು, ಚಕ್ರಕ್ಕೆ ಅಡ್ಡ ಇಟ್ಟದ್ದನ್ನು ನಾನು ನೋಡಿ "ಹೂಂ" ಅನ್ನುವವರೆಗೆ ಯಾರೂ ಕೆಳಗೆ ಹೋಗುವಂತಿಲ್ಲ. ಮೊದಮೊದಲು ಯಜಮಾನರು ಗೊಣಗಿದರು. ಈಗ ತಾವೇ ಕರೆಯುತ್ತಾರೆ, "ಬಾರೇ, ಒಂದು ಸಲ ನೋಡು" ಅಂತ. ಅವತ್ತು ಜಾಕು ವಾಲಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನನಗೇನು ಗೊತ್ತು ಎಂದು ಬಾಯಿ ಮುಚ್ಚಿಕೊಂಡದ್ದೇ ನಾನು ಮಾಡಿದ ತಪ್ಪು. ನೀವು ಹಾಗೆ ಮಾಡಬೇಡಿ. ಮನಸ್ಸಿಗೆ ಸರಿ ಕಾಣದಿದ್ದರೆ ಗಟ್ಟಿಯಾಗಿ ಹೇಳಿ, ಕೇಳದಿದ್ದರೆ ಕೈ ಹಿಡಿದು ಈಚೆ ಕರೆಯಿರಿ. ಎರಡು ನಿಮಿಷದ ಕೆಲಸ ಹತ್ತು ನಿಮಿಷವಾದರೆ ಆಗಲಿ. ಸಾರು ಬೇಕಾದರೆ ಮತ್ತೊಮ್ಮೆ ಬಿಸಿ ಮಾಡಿಕೊಳ್ಳಬಹುದು.