ಕಡತಗಳ ಕಾವಲು: ಗಣಕಯಂತ್ರದ ಲೆಕ್ಕ ತಪ್ಪಿದಾಗ

ನಮ್ಮ ಸಮಾಜದ ಅನೇಕ ಮನೆತನಗಳಲ್ಲಿ ಇಂದು ಒಬ್ಬರಾದರೂ ಬೆಂಗಳೂರಿನ ಹೊರವಲಯದಲ್ಲಿ ಉದ್ಯೋಗದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದ ಮಗನನ್ನೋ ಸೊಸೆಯನ್ನೋ ‘ನೀವು ಮಾಡುವ ಕೆಲಸವಾದರೂ ಏನು?’ ಎಂದು ಹಿರಿಯರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂಬ ಎರಡು ಮಾತಿನಲ್ಲಿ ಉತ್ತರ ಮುಗಿದುಹೋಗುತ್ತದೆ. ಆ ಎರಡು ಮಾತಿನ ಹಿಂದೆ ಎಷ್ಟೋ ಬಗೆಯ ಕಸುಬುಗಳಿವೆ. ಹೊಸ ಸೌಧ ಕಟ್ಟುವ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ; ಬಿರುಕು ಬಿಟ್ಟ ಗೋಡೆಯನ್ನು ಹುಡುಕಿ ಸರಿಪಡಿಸುವವನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಗಣಕಯಂತ್ರದ ಒಳಗೆ ಕಡತಗಳ ಲೆಕ್ಕ ತಪ್ಪಿದಾಗ ಅದನ್ನು ಪರಿಶೋಧಿಸಿ ದುರಸ್ತಿ ಮಾಡುವ ತಂತ್ರಾಂಶ ಇಂತಹ ಅಜ್ಞಾತ ಸೇವಕರಲ್ಲಿ ಒಂದು. ಅದರ ಸ್ವರೂಪವೇನು, ಅದನ್ನು ಸುಧಾರಿಸಲು ನಡೆದಿರುವ ಪ್ರಯತ್ನಗಳೇನು, ಅದರಿಂದ ನಮ್ಮ ಮನೆಗಳಿಗೂ ಸಣ್ಣ ಉದ್ಯಮಗಳಿಗೂ ಏನು ಸಂಬಂಧ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಗೋದಾಮು ಮತ್ತು ಲೆಕ್ಕದ ಪುಸ್ತಕ

ಮಂಡಿ ವ್ಯಾಪಾರ ಬಲ್ಲ ಮನೆಯವರಿಗೆ ಈ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಒಂದು ದೊಡ್ಡ ಗೋದಾಮಿದೆ ಎಂದು ಭಾವಿಸೋಣ. ಅದರೊಳಗೆ ಸಂಖ್ಯೆ ಹಾಕಿದ ಸಾವಿರಾರು ಅಂಕಣಗಳಿವೆ. ಯಾವ ರೈತನ ಚೀಲಗಳು ಯಾವ ಯಾವ ಅಂಕಣದಲ್ಲಿವೆ, ಎಷ್ಟಿವೆ, ಯಾವ ಅಂಕಣ ಖಾಲಿ ಇದೆ ಎಂಬುದನ್ನೆಲ್ಲ ಗುಮಾಸ್ತನು ಪುಸ್ತಕದಲ್ಲಿ ಬರೆದಿಡುತ್ತಾನೆ. ಗಣಕಯಂತ್ರದ ಹಾರ್ಡ್ ಡಿಸ್ಕ್ ಇಂತಹ ಗೋದಾಮು. ನಮ್ಮ ಪತ್ರಗಳು, ಭಾವಚಿತ್ರಗಳು, ಲೆಕ್ಕಪತ್ರಗಳು ಅಲ್ಲಿ ಚೀಲಗಳು. ಅವುಗಳ ಜಾಗವನ್ನು ದಾಖಲಿಸುವ ಲೆಕ್ಕದ ಪುಸ್ತಕಕ್ಕೆ ತಂತ್ರಜ್ಞರು ‘ಫೈಲ್ ಸಿಸ್ಟಮ್’ ಎನ್ನುತ್ತಾರೆ; ನಾವು ಕಡತ ವ್ಯವಸ್ಥೆ ಎನ್ನಬಹುದು.

ಒಂದು ಕಡತವನ್ನು ಉಳಿಸುವುದೆಂದರೆ ಒಂದೇ ಬರಹವಲ್ಲ. ಚೀಲವನ್ನು ಅಂಕಣದಲ್ಲಿಡಬೇಕು, ಆ ಅಂಕಣ ಭರ್ತಿಯಾಯಿತೆಂದು ಗುರುತಿಸಬೇಕು, ರೈತನ ಖಾತೆಯಲ್ಲಿ ಬರೆಯಬೇಕು, ಖಾತೆಗಳ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಈ ನಾಲ್ಕರಲ್ಲಿ ಎರಡು ಮುಗಿದು ಎರಡು ಬಾಕಿ ಇರುವಾಗ ವಿದ್ಯುತ್ ಹೋಯಿತೆನ್ನಿ. ಆಗ ಚೀಲವಿದ್ದರೂ ಖಾತೆಯಿಲ್ಲ, ಅಥವಾ ಖಾತೆಯಿದ್ದರೂ ಚೀಲವಿಲ್ಲ. ಭರ್ತಿಯಾದ ಅಂಕಣ ಖಾಲಿಯೆಂದು ಪುಸ್ತಕ ಹೇಳಬಹುದು. ಮರುದಿನ ಅದೇ ಜಾಗವನ್ನು ಇನ್ನೊಬ್ಬನಿಗೆ ಕೊಟ್ಟು, ಒಂದು ಅಂಕಣಕ್ಕೆ ಇಬ್ಬರು ಹಕ್ಕುದಾರರಾಗಬಹುದು. ತಪ್ಪು ಮೊದಲ ದಿನ ಸಣ್ಣದು. ಅದನ್ನು ಅರಿಯದೆ ವ್ಯವಹಾರ ಮುಂದುವರಿಸಿದರೆ ಒಬ್ಬರ ಸರಕಿನ ಮೇಲೆ ಇನ್ನೊಬ್ಬರ ಸರಕು ಬಿದ್ದು ಎರಡೂ ಹಾಳಾಗುತ್ತವೆ.

ಪರಿಶೋಧಕನ ಹುಟ್ಟು

ಯೂನಿಕ್ಸ್ ವ್ಯವಸ್ಥೆಯ ಮೊದಲ ವರ್ಷಗಳಲ್ಲಿ ಇಂತಹ ತಪ್ಪುಗಳನ್ನು ಹಲವು ಸಣ್ಣ ತಂತ್ರಾಂಶಗಳ ನೆರವಿನಿಂದ ಬಲ್ಲವರು ಕೈಯಾರೆ ಸರಿಪಡಿಸಬೇಕಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಟೆಡ್ ಕೊವಾಲ್ಸ್ಕಿ ಎಂಬ ತಂತ್ರಜ್ಞರು ಈ ಕೆಲಸವನ್ನೆಲ್ಲ ಒಂದೆಡೆ ತಂದು ‘ಎಫ್‌ಎಸ್‌ಸಿಕೆ’ ಎಂಬ ಪರಿಶೋಧಕ ತಂತ್ರಾಂಶವನ್ನು ರಚಿಸಿದರು. ಬರ್ಕ್ಲಿ ವಿಶ್ವವಿದ್ಯಾನಿಲಯದ ಮಾರ್ಷಲ್ ಕರ್ಕ್ ಮೆಕ್‌ಕ್ಯುಸಿಕ್ ಅದನ್ನು ಅಲ್ಲಿನ ಹೊಸ ಕಡತ ವ್ಯವಸ್ಥೆಗೆ ಹೊಂದಿಸಿದರು. ಅದರ ಕ್ರಮ ಐದು ಹಂತಗಳದ್ದು. ಮೊದಲು ಪ್ರತಿ ಖಾತೆಯನ್ನೂ ನೋಡಿ ಅದು ಹೇಳುವ ಅಂಕಣಗಳು ಸರಿಯೇ, ಒಂದೇ ಅಂಕಣಕ್ಕೆ ಇಬ್ಬರಿದ್ದಾರೆಯೇ ಎಂದು ಪರೀಕ್ಷಿಸುವುದು. ಎರಡನೆಯದಾಗಿ ಹೆಸರುಗಳ ಪಟ್ಟಿಯನ್ನು ನೋಡುವುದು. ಮೂರನೆಯದಾಗಿ ಎಲ್ಲ ಪಟ್ಟಿಗಳೂ ಮೂಲ ಪಟ್ಟಿಗೆ ಸೇರಿವೆಯೇ ಎಂದು ನೋಡುವುದು. ನಾಲ್ಕನೆಯದಾಗಿ ಎಣಿಕೆಗಳನ್ನು ತಾಳೆ ನೋಡುವುದು. ಕೊನೆಯಲ್ಲಿ ಖಾಲಿ ಅಂಕಣಗಳ ನಕ್ಷೆಯನ್ನು ಸರಿಪಡಿಸುವುದು. ವಾರಸುದಾರರಿಲ್ಲದ ಚೀಲ ಸಿಕ್ಕರೆ ಅದನ್ನು ಎಸೆಯದೆ ‘ಕಳೆದುಸಿಕ್ಕಿದ್ದು’ ಎಂಬರ್ಥದ ಪ್ರತ್ಯೇಕ ಕೋಣೆಯಲ್ಲಿಡುವ ಪದ್ಧತಿಯೂ ಬಂದಿತು. ಲಿನಕ್ಸ್ ಗಣಕಗಳಲ್ಲಿ ಆ ಕೋಣೆ ಇಂದಿಗೂ ಉಂಟು.

ಮನೆಗಳಲ್ಲಿದ್ದ ಗಣಕಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ‘ಚೆಕ್‌ಡಿಸ್ಕ್’, 1993ರಲ್ಲಿ ಎಂಎಸ್-ಡಾಸ್ 6.2ರೊಡನೆ ‘ಸ್ಕ್ಯಾನ್‌ಡಿಸ್ಕ್’ ಬಂದವು. ಕರೆಂಟು ಹೋಗಿ ಬಂದ ಮೇಲೆ ಗಣಕವನ್ನು ಹಚ್ಚಿದರೆ ನೀಲಿ ಪರದೆಯ ಮೇಲೆ ಅದು ನಿಧಾನವಾಗಿ ಓಡುತ್ತಿದ್ದುದನ್ನು ಆ ಕಾಲದಲ್ಲಿ ಗಣಕ ಬಳಸಿದವರು ಮರೆತಿರಲಾರರು.

ಕಿರ್ದಿ ಬರೆಯುವ ಪದ್ಧತಿ

ಪೂರ್ತಿ ಗೋದಾಮನ್ನು ಪ್ರತಿ ಸಲವೂ ಎಣಿಸುವುದು ಗೋದಾಮು ಚಿಕ್ಕದಿದ್ದಾಗ ಸಾಧ್ಯ. ಡಿಸ್ಕ್‌ಗಳ ಗಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಆದರೆ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯುವ ವೇಗ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ನಿಮಿಷಗಳ ಪರಿಶೋಧನೆ ಗಂಟೆಗಳದ್ದಾಯಿತು.

ನಮ್ಮ ವ್ಯಾಪಾರಿಗಳಿಗೆ ಚಿರಪರಿಚಿತವಾದ ಉಪಾಯವೇ ಇಲ್ಲಿಯೂ ನೆರವಿಗೆ ಬಂದಿತು. ಖಾತೆಗೆ ಏರಿಸುವ ಮೊದಲು ಕಿರ್ದಿಯಲ್ಲಿ ಬರೆಯುವುದು! ಮಾಡಲಿರುವ ಬದಲಾವಣೆಯನ್ನು ಮೊದಲು ಕಿರ್ದಿಗೆ ಬರೆದು ಆಮೇಲೆ ಖಾತೆಯನ್ನು ತಿದ್ದಿದರೆ, ನಡುವೆ ವಿದ್ಯುತ್ ಹೋದರೂ ಕಿರ್ದಿಯ ಕೊನೆಯ ಪುಟ ನೋಡಿ ಕೆಲಸ ಪೂರೈಸಬಹುದು. 1990ರಲ್ಲಿ ಐಬಿಎಂ ಸಂಸ್ಥೆಯ ಜೆಎಫ್‌ಎಸ್, 1994ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಎಕ್ಸ್‌ಎಫ್‌ಎಸ್, 2001ರಲ್ಲಿ ಲಿನಕ್ಸ್‌ನ ಇಎಕ್ಸ್‌ಟಿ-3 ಈ ಪದ್ಧತಿಯನ್ನು ತಂದವು. 2008ರ ಡಿಸೆಂಬರಿನಲ್ಲಿ ಬಳಕೆಗೆ ಸಿದ್ಧವೆಂದು ಘೋಷಿತವಾದ ಇಎಕ್ಸ್‌ಟಿ-4 ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಇದುವರೆಗೆ ಬಳಸಿಯೇ ಇಲ್ಲದ ಖಾತೆಪುಟಗಳಿಗೆ ‘ಬಳಸಿಲ್ಲ’ ಎಂಬ ಗುರುತು ಹಾಕಿ ಪರಿಶೋಧಕನು ಅವುಗಳನ್ನು ದಾಟಿ ಹೋಗುವಂತೆ ಮಾಡಿತು. ಇದರಿಂದ ಪರಿಶೋಧನೆಯ ವೇಗ 2ರಿಂದ 20 ಪಟ್ಟು ಹೆಚ್ಚಿತೆಂದು ಅದರ ನಿರ್ಮಾಪಕರು ತಿಳಿಸಿದ್ದಾರೆ. ಈ ವ್ಯವಸ್ಥೆಯನ್ನು ಜಗತ್ತಿಗೆ ಪರಿಚಯಿಸಿದ 2007ರ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಬಿಎಂನಲ್ಲಿ ದುಡಿದ ಸುಪರ್ಣಾ ಭಟ್ಟಾಚಾರ್ಯ ಅವರೂ ಒಬ್ಬರೆಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ಕಿರ್ದಿಯೊಂದೇ ಸಾಲದು. ಡಿಸ್ಕ್ ಹಳೆಯದಾಗಿ ಪುಟವೇ ಅಳಿಸಿದರೆ, ತಂತ್ರಾಂಶದ ದೋಷದಿಂದ ತಪ್ಪು ಅಂಕಿಯೇ ಕಿರ್ದಿಗೆ ಬಂದರೆ, ಕಿರ್ದಿ ಆ ತಪ್ಪನ್ನು ನಿಷ್ಠೆಯಿಂದ ಖಾತೆಗೆ ಏರಿಸುತ್ತದೆ. ಆದುದರಿಂದ ಪರಿಶೋಧಕನಿಗೆ ನಿವೃತ್ತಿ ಸಿಗಲಿಲ್ಲ. ಅವನನ್ನು ಇನ್ನಷ್ಟು ಚುರುಕುಗೊಳಿಸುವ ಸಂಶೋಧನೆಗಳು ಮುಂದುವರಿದವು. 2008ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರು ಪರಿಶೋಧನೆಯ ನಿಯಮಗಳನ್ನು ಸಾವಿರಾರು ಸಾಲುಗಳ ಜಟಿಲ ತಂತ್ರಾಂಶದಲ್ಲಿ ಹುದುಗಿಸುವ ಬದಲು ಸ್ಪಷ್ಟವಾದ ಚಿಕ್ಕ ಪ್ರಶ್ನೆಗಳ ರೂಪದಲ್ಲಿ ಬರೆಯಬಹುದೆಂದು ತೋರಿಸಿದರು. 2021ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯದವರು ಒಬ್ಬ ಗುಮಾಸ್ತನ ಬದಲು ಹಲವರು ಏಕಕಾಲದಲ್ಲಿ ಎಣಿಸುವ ರೀತಿಯನ್ನು ರೂಪಿಸಿ, ಲಿನಕ್ಸ್‌ನ ಪರಿಶೋಧಕಕ್ಕಿಂತ 2.6 ಪಟ್ಟಿನವರೆಗೆ ವೇಗ ಸಾಧಿಸಿದರು.

ದುರಸ್ತಿಯ ನಡುವೆ ವಿದ್ಯುತ್ ಹೋದರೆ?

ಪೀಣ್ಯದಂತಹ ಕೈಗಾರಿಕಾ ಪ್ರದೇಶಕ್ಕೆ ಅತಿ ಹತ್ತಿರವಾದ ಪ್ರಶ್ನೆ ಇದು. ಅಲ್ಲಿಯ ಸಾವಿರಾರು ಸಣ್ಣ ಘಟಕಗಳಲ್ಲಿ ಬಿಡಿಭಾಗಗಳ ನಕ್ಷೆ, ಟ್ಯಾಲಿಯ ಲೆಕ್ಕ, ಗಿರಾಕಿಗಳ ಬೇಡಿಕೆ ಎಲ್ಲವೂ ಒಂದೇ ಗಣಕದಲ್ಲಿರುವುದುಂಟು. ವಿದ್ಯುತ್ ಹೋಗುವುದು ಅಲ್ಲಿ ಹೊಸ ಮಾತಲ್ಲ. ಹೋಗಿ ಬಂದು ಮತ್ತೆ ಹೋಗುವುದೂ ಹೊಸದಲ್ಲ. ಬಂದ ಕೂಡಲೇ ಗಣಕವು ತನ್ನ ದುರಸ್ತಿಯನ್ನು ಆರಂಭಿಸುತ್ತದೆ. ಅಷ್ಟರಲ್ಲಿ ಮತ್ತೆ ಹೋದರೆ?

2016ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಮಹಾಗಣಕ ಕೇಂದ್ರದಲ್ಲಿ ನಿಖರವಾಗಿ ಹೀಗೆಯೇ ಆಯಿತು. ಮೊದಲ ವಿದ್ಯುತ್ ಕಡಿತದ ನಂತರ ಪರಿಶೋಧನೆ ಮತ್ತು ದುರಸ್ತಿ ನಡೆಯುತ್ತಿರುವಾಗಲೇ ಎರಡನೆಯ ಕಡಿತ ಬಂದು, ದತ್ತಾಂಶಕ್ಕೆ ಗಂಭೀರ ಹಾನಿಯಾಯಿತು. ಈ ಪ್ರಸಂಗದಿಂದ ಪ್ರೇರಿತರಾಗಿ ಓಂ ರಾಮೇಶ್ವರ್ ಗತ್ಲಾ, ಮಾಯ್ ಝೆಂಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದುರಸ್ತಿ ತಂತ್ರಾಂಶವನ್ನು ಬೇರೆ ಬೇರೆ ಹಂತಗಳಲ್ಲಿ ಬೇಕೆಂದೇ ನಿಲ್ಲಿಸಿ ಅವರು ಪರೀಕ್ಷಿಸಿದರು. ಕೆಲವು ಸಂದರ್ಭಗಳಲ್ಲಿ, ಅರ್ಧಕ್ಕೆ ನಿಂತ ದುರಸ್ತಿಯಿಂದಾದ ಹಾನಿಯನ್ನು ಅದೇ ತಂತ್ರಾಂಶವನ್ನು ಮತ್ತೆ ಪೂರ್ತಿಯಾಗಿ ಓಡಿಸಿದರೂ ಸರಿಪಡಿಸಲಾಗಲಿಲ್ಲ! ಕಡತ ವ್ಯವಸ್ಥೆಗೆ ಕಿರ್ದಿ ಕೊಟ್ಟ ನಾವು ಅದನ್ನು ತಿದ್ದುವವನಿಗೆ ಕಿರ್ದಿ ಕೊಡಲು ಮರೆತಿದ್ದೆವು ಎಂದು ಇದರ ಸಾರವನ್ನು ಹೇಳಬಹುದು. ದುರಸ್ತಿಯ ಪ್ರತಿ ತಿದ್ದುಪಡಿಯನ್ನೂ ಮೊದಲು ಬೇರೆಡೆ ದಾಖಲಿಸಿ ಆಮೇಲೆ ಜಾರಿಗೆ ತರಬೇಕೆಂಬುದು ಆ ಸಂಶೋಧಕರು ಕಂಡುಕೊಂಡ ಪರಿಹಾರ. ವೈದ್ಯನು ಶಸ್ತ್ರಚಿಕಿತ್ಸೆಯನ್ನು ನಡುವೆ ಬಿಟ್ಟು ಹೋಗಬೇಕಾಗಿ ಬಂದರೂ ರೋಗಿ ಬದುಕುಳಿಯುವಂತಿರಬೇಕಲ್ಲವೇ?

ಅಂಗಡಿ ಮುಚ್ಚದೆ ಲೆಕ್ಕ ನೋಡುವುದು

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯವರ ಚಿಂತೆ ಇನ್ನೊಂದು ಬಗೆಯದು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂದು ನಡೆಯುವ ವ್ಯವಹಾರ ಹಗಲಿರುಳೂ ನಿಲ್ಲುವಂತಿಲ್ಲ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಇವುಗಳ ಗೋದಾಮನ್ನು ‘ಲೆಕ್ಕ ತಪಾಸಣೆ, ಇಂದು ರಜೆ’ ಎಂದು ಮುಚ್ಚಿಡಲಾಗದು. ವ್ಯಾಪಾರ ನಡೆಯುತ್ತಿರುವಾಗಲೇ ಲೆಕ್ಕ ನೋಡಬೇಕು. ಎಣಿಸುತ್ತಿರುವಾಗಲೇ ಚೀಲಗಳು ಬರುತ್ತವೆ, ಹೋಗುತ್ತವೆ. ಇದೇ ಇಲ್ಲಿಯ ಕಷ್ಟ.

ವೈಟ್‌ಫೀಲ್ಡ್ ಭಾಗದಲ್ಲಿ ದೊಡ್ಡ ಆವರಣವನ್ನು ಹೊಂದಿರುವ ನೆಟ್‌ಆಪ್ ಸಂಸ್ಥೆಯ ‘ವಾಫಲ್’ ಎಂಬ ಕಡತ ವ್ಯವಸ್ಥೆಗೆ ಇಂತಹ ದುರಸ್ತಿ ಸಾಧನವಿದೆ. ಅದನ್ನು ಕುರಿತು ರಾಮ್ ಕೇಶವನ್, ಹರೇಂದ್ರ ಕುಮಾರ್ ಮತ್ತು ಸುಶ್ರುತ್ ಭೌಮಿಕ್ 2018ರಲ್ಲಿ ಪ್ರಬಂಧ ಪ್ರಕಟಿಸಿದರು. ಬಳಕೆದಾರರು ಕೆಲಸ ಮಾಡುತ್ತಿರುವಾಗಲೇ ನಡೆಯುವ ದುರಸ್ತಿಯೂ, ಬಾಗಿಲು ಮುಚ್ಚಿ ಮಾಡುವ ದುರಸ್ತಿಯೂ ಒಂದೇ ಫಲವನ್ನು ಕೊಡಬಲ್ಲವೆಂದು ಅವರು ತೋರಿಸಿದ್ದಾರೆ.

ಲಿನಕ್ಸ್ ಲೋಕದಲ್ಲಿ ಒರಾಕಲ್ ಸಂಸ್ಥೆಯ ಡ್ಯಾರಿಕ್ ವಾಂಗ್ ಅವರು ಎಕ್ಸ್‌ಎಫ್‌ಎಸ್‌ಗಾಗಿ ಹಲವು ವರ್ಷ ಇದೇ ಸಾಧನೆಯಲ್ಲಿ ತೊಡಗಿದ್ದರು. ಅವರ ಉಪಾಯ ಬಹು ಸೊಗಸಾದುದು. ರೈತನ ಹೆಸರಿನಿಂದ ಅಂಕಣ ಹುಡುಕುವ ಪುಸ್ತಕದ ಜೊತೆಗೆ, ಅಂಕಣದ ಸಂಖ್ಯೆಯಿಂದ ರೈತನನ್ನು ಹುಡುಕುವ ಎರಡನೆಯ ಪುಸ್ತಕವನ್ನೂ ಇಡುವುದು. ಒಂದು ಪುಸ್ತಕದ ಹಾಳೆ ಹರಿದರೆ ಇನ್ನೊಂದರಿಂದ ಅದನ್ನು ಮತ್ತೆ ಬರೆಯಬಹುದು. ಊಹೆಯಿಂದ ತಿದ್ದುವುದಕ್ಕೂ ಸಾಕ್ಷಿಯಿಂದ ತಿದ್ದುವುದಕ್ಕೂ ಇರುವ ವ್ಯತ್ಯಾಸ ಇದೇ. 2024ರಲ್ಲಿ ಬಂದ ಲಿನಕ್ಸ್ 6.10ರ ಆವೃತ್ತಿಯ ವೇಳೆಗೆ ಈ ಕಾರ್ಯದ ಮುಖ್ಯ ಭಾಗಗಳು ಸೇರ್ಪಡೆಯಾದವು. ಆಗ ಎಕ್ಸ್‌ಎಫ್‌ಎಸ್ ಬಿಡುಗಡೆಯ ಹೊಣೆ ಹೊತ್ತವರು ಚಂದನ್ ಬಾಬು.

ಮನೆಯವರೂ ಉದ್ಯಮಿಗಳೂ ಗಮನಿಸಬೇಕಾದುದು

ಇಷ್ಟೆಲ್ಲ ಸುಧಾರಣೆಯಾದರೂ ಒಂದು ಸತ್ಯವನ್ನು ಮರೆಯಬಾರದು. ಪರಿಶೋಧಕನು ಲೆಕ್ಕದ ಪುಸ್ತಕವನ್ನು ಸರಿಪಡಿಸುತ್ತಾನೆಯೇ ಹೊರತು ಹಾಳಾದ ಕಾಳನ್ನು ಮರಳಿ ತರುವುದಿಲ್ಲ. ಪುಸ್ತಕ ತಾಳೆಯಾಗಲೆಂದು ಅನುಮಾನಾಸ್ಪದ ಖಾತೆಯನ್ನು ಅವನು ಅಳಿಸಿಬಿಡಬಹುದು. ಆ ಖಾತೆಯಲ್ಲಿ ಮಗಳ ಮದುವೆಯ ಭಾವಚಿತ್ರಗಳಿದ್ದವೋ, ತೀರಿಕೊಂಡ ಅಜ್ಜಿಯ ಧ್ವನಿಯಿತ್ತೋ ಅವನಿಗೆ ತಿಳಿಯದು. ‘ಸರಿಪಡಿಸಲೇ?’ ಎಂದು ತಂತ್ರಾಂಶ ಕೇಳಿದಾಗ ಏನೆಂದು ಅರಿಯದೆ ‘ಹೌದು’ ಎಂದು ಒತ್ತುವವರೇ ಹೆಚ್ಚು. ಆ ಪ್ರಶ್ನೆಯನ್ನು ಸಾಮಾನ್ಯನಿಗೆ ತಿಳಿಯುವ ಮಾತಿನಲ್ಲಿ, ಸಾಧ್ಯವಾದರೆ ಅವನ ಭಾಷೆಯಲ್ಲಿ ಕೇಳುವಂತಾಗುವುದು ವೇಗದಷ್ಟೇ ಮುಖ್ಯವಾದ ಸುಧಾರಣೆಯೆಂದು ನಾವು ಭಾವಿಸುತ್ತೇವೆ. ಕನ್ನಡದ ಮಕ್ಕಳು ಕೈಹಾಕಬಹುದಾದ ಕೆಲಸವಿದು.

ಅಲ್ಲಿಯವರೆಗೆ ನಾವು ಪಾಲಿಸಬೇಕಾದ ನಿಯಮಗಳು ಸರಳವಾಗಿವೆ. ಗಣಕವನ್ನು ಕ್ರಮವಾಗಿ ಮುಚ್ಚಬೇಕು; ಗುಂಡಿ ಒತ್ತಿ ಆರಿಸಬಾರದು. ಲೆಕ್ಕಪತ್ರವಿರುವ ಗಣಕಕ್ಕೆ ಯುಪಿಎಸ್ ಅಗತ್ಯ. ಪದೇ ಪದೇ ವಿದ್ಯುತ್ ಹೋಗುತ್ತಿರುವಾಗ ದುರಸ್ತಿಗೆ ತೊಡಗಬಾರದು. ಸ್ಥಿರವಾದ ಮೇಲೆ ಆರಂಭಿಸಬೇಕು. ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಸಾಮಾನ್ಯ ದುರಸ್ತಿ ತಂತ್ರಾಂಶವನ್ನು ಓಡಿಸಲೇಬಾರದು. ಡಿಸ್ಕಿನಿಂದ ವಿಚಿತ್ರ ಸದ್ದು ಬರುತ್ತಿದ್ದರೆ ದುರಸ್ತಿಗೆ ಮೊದಲು ಬಲ್ಲವರಿಂದ ಅದರ ಪೂರ್ಣ ಪ್ರತಿ ತೆಗೆಸಿ, ಪ್ರತಿಯ ಮೇಲೆಯೇ ಪ್ರಯೋಗ ನಡೆಸಬೇಕು. ಏನನ್ನೂ ತಿದ್ದದೆ ಬರೀ ನೋಡಿ ವರದಿ ಕೊಡುವ ಸೌಲಭ್ಯವೂ ಈ ತಂತ್ರಾಂಶಗಳಲ್ಲಿದೆ. ಮೊದಲು ಅದನ್ನು ಬಳಸುವುದು ಜಾಣತನ. ಎಲ್ಲಕ್ಕಿಂತ ಮಿಗಿಲಾಗಿ, ಮುಖ್ಯ ಕಡತಗಳ ಪ್ರತಿ ಬೇರೊಂದು ಸಾಧನದಲ್ಲಿ, ಬೇರೊಂದು ಜಾಗದಲ್ಲಿ ಇರಲೇಬೇಕು.

ಒಂದು ಕಾಲದಲ್ಲಿ ಮನೆಯ ಕಾಗದಪತ್ರಗಳನ್ನು ಹಿರಿಯರು ಟ್ರಂಕಿನಲ್ಲಿಟ್ಟು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಗೆದ್ದಲು ಹಿಡಿದಿದೆಯೇ ಎಂದು ಹಾಳೆ ಹಾಳೆ ತಿರುವಿ ನೋಡುತ್ತಿದ್ದರು. ಗೆದ್ದಲು ತಿಂದ ಮೇಲೆ ಅಳುವುದಕ್ಕಿಂತ ತಿನ್ನುವ ಮೊದಲು ನೋಡುವುದು ಲೇಸೆಂಬ ವಿವೇಕ ಅದು. ಆ ವಿವೇಕವನ್ನೇ ಯಂತ್ರಕ್ಕೆ ಕಲಿಸಲು ನಮ್ಮ ಮನೆಯ ಮಕ್ಕಳನೇಕರು ವೈಟ್‌ಫೀಲ್ಡಿನ ಕಚೇರಿಗಳಲ್ಲಿ ರಾತ್ರಿ ಹಗಲು ಶ್ರಮಿಸುತ್ತಿದ್ದಾರೆ. ಮುಂದಿನ ಹಬ್ಬಕ್ಕೆ ಅವರು ಊರಿಗೆ ಬಂದಾಗ ಹಿರಿಯರು ಅವರ ಕೆಲಸದ ಬಗೆಗೆ ಇನ್ನೊಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಲಿ. ಮಕ್ಕಳು ಹಿಂದಿರುಗುವ ಮೊದಲು ಮನೆಯ ಭಾವಚಿತ್ರಗಳ, ಆಸ್ತಿಪತ್ರಗಳ ಒಂದು ಪ್ರತಿಯನ್ನು ತೆಗೆದಿಟ್ಟು ಹೋಗಲಿ ಎಂಬುದು ನಮ್ಮ ಆಶಯ.