ಕೊಡೈಕೆನಾಲ್‌ಗೆ ಹೊರಟಿರಾ?

ಚೆನ್ನೈಯಲ್ಲಿ ಬಿಸಿಲು ಏರತೊಡಗಿದರೆ ಸಾಕು, ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಕಾಫಿಯ ಹೊತ್ತಿಗೆ ಒಂದೇ ಮಾತು: "ಈ ಸಲ ಎಲ್ಲಿಗೆ?" ಊಟಿಯ ಹೆಸರು ಬಂದು ಹೋದ ಮೇಲೆ ಕೊಡೈಕೆನಾಲ್ ಬರುತ್ತದೆ. ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ ನೋಡಿ. "ಒಂದೇ ದಿನದಲ್ಲಿ ಹದಿನಾಲ್ಕು ಪಾಯಿಂಟ್ ಮುಗಿಸಿದೆವು" ಎನ್ನುತ್ತಾರೆ. ಅದೇ ಮನೆಯ ಅಜ್ಜಿಯನ್ನು ಕೇಳಿ. "ನಾನು ವ್ಯಾನಿನಲ್ಲೇ ಕೂತಿದ್ದೆ ಕಣಮ್ಮ, ಮಂಡಿನೋವು" ಎನ್ನುತ್ತಾರೆ. ಅಷ್ಟು ದೂರ ಕರೆದುಕೊಂಡು ಹೋಗಿ ಅವರಿಗೆ ತೋರಿಸಿದ್ದು ವ್ಯಾನಿನ ಕಿಟಕಿಯನ್ನೇ! ಈ ಲೇಖನ ಆ ಅಜ್ಜಿಗಾಗಿ. ಜೊತೆಗೆ, ಬೆಟ್ಟ ಹತ್ತಿದ ಮೇಲೂ ಬುತ್ತಿ, ಸ್ವೆಟರು, ಮಾತ್ರೆಗಳ ಲೆಕ್ಕ ಬಿಡದ ನಮ್ಮಂಥ ಗೃಹಿಣಿಯರಿಗಾಗಿ.

ಮೊದಲು ದಾರಿಯ ವಿಷಯ. ಚೆನ್ನೈಯಿಂದ ಮಧುರೆಯ ಕಡೆಗೆ ಹೋಗುವ ರಾತ್ರಿಯ ರೈಲಿನಲ್ಲಿ ಮಲಗಿದರೆ ಬೆಳಗಿನ ಜಾವಕ್ಕೆ ಕೊಡೈಕೆನಾಲ್ ರೋಡ್ ನಿಲ್ದಾಣ. ಹೆಸರು ನೋಡಿ ಊರೇ ಬಂತೆಂದುಕೊಳ್ಳಬೇಡಿ, ಅಲ್ಲಿಂದ ಮೇಲಕ್ಕೆ ಇನ್ನೂ ಸುಮಾರು 80 ಕಿ.ಮೀ. ಘಟ್ಟದ ತಿರುವುಗಳಲ್ಲಿ ಮೂರು ಗಂಟೆಯಾದರೂ ಬೇಕು. ತಲೆಸುತ್ತುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೊಟ್ಟೆಗೆ ಎರಡೇ ಇಡ್ಲಿ, ಕೈಯಲ್ಲೊಂದು ನಿಂಬೆಹಣ್ಣು. ಸ್ವಂತ ಕಾರಿನಲ್ಲಿ ಹೋಗುವವರು ಇ-ಪಾಸ್ ಮರೆಯಬಾರದು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಅದು ಜಾರಿಗೆ ಬಂತು. ಹೊರಡುವ ಮುನ್ನ ಆಗಿನ ನಿಯಮವೇನೆಂದು ವಿಚಾರಿಸಿಕೊಳ್ಳಿ. ಪ್ಲಾಸ್ಟಿಕ್ ವಿಷಯದಲ್ಲೂ ಅಲ್ಲಿ ಬಲು ಬಿಗಿ, ಸ್ಟೀಲ್ ಬಾಟಲಿಗಳನ್ನೇ ಒಯ್ಯಿರಿ. ಮೇ ತಿಂಗಳ ಜಾತ್ರೆಯನ್ನು ತಪ್ಪಿಸಿ, ಫೆಬ್ರವರಿಯಲ್ಲೋ ಆಗಸ್ಟಿನಲ್ಲೋ ವಾರದ ನಡುವಿನ ದಿನಗಳಲ್ಲಿ ಹೋಗುವವರು ಜಾಣರು ಎಂದು ನನ್ನ ಎಣಿಕೆ.

ಊರು ಸೇರಿದ ದಿನ ಎಲ್ಲಿಗೂ ಓಡಬೇಡಿ. ಕೆರೆಯೊಂದೇ ಸಾಕು. ನಕ್ಷತ್ರದಂತೆ ಕೈಕಾಲು ಚಾಚಿಕೊಂಡಿರುವ ಈ ಕೆರೆ ದೇವರು ಮಾಡಿದ್ದಲ್ಲ, ಮನುಷ್ಯರು ಕಟ್ಟಿದ್ದು. ಮಧುರೆಯ ಕಲೆಕ್ಟರಾಗಿದ್ದ ವೇರ್ ಹೆನ್ರಿ ಲೆವಿಂಜ್ ಎಂಬಾತ 1863ರಲ್ಲಿ ತೊರೆಗಳಿಗೆ ಅಡ್ಡಗಟ್ಟೆ ಹಾಕಿಸಿ 60 ಎಕರೆಯಷ್ಟು ನೀರು ನಿಲ್ಲಿಸಿದ. ಅದಕ್ಕೂ ಮೊದಲೇ, 1845ರಲ್ಲಿ, ಮಧುರೆಯ ಸೆಕೆ, ಜ್ವರ ತಾಳಲಾರದ ಅಮೆರಿಕನ್ ಮಿಷನರಿಗಳು ಇಲ್ಲಿ ಎರಡು ಬಂಗಲೆ ಕಟ್ಟಿಕೊಂಡಿದ್ದರು. ಊರು ಬೆಳೆದದ್ದು ಹಾಗೆ.

ಕೆರೆಯ ಸುತ್ತಲ ರಸ್ತೆ ಸುಮಾರು 5 ಕಿ.ಮೀ., ಬಹುಪಾಲು ಸಮತಟ್ಟು. ಬೆಟ್ಟದ ಊರಿನಲ್ಲಿ ಇದು ದೊಡ್ಡ ಭಾಗ್ಯ! ಮಕ್ಕಳು ಬಾಡಿಗೆ ಸೈಕಲ್ ಹತ್ತಲಿ, ಮಂಡಿನೋವಿನವರು ಕೈಲಾದಷ್ಟು ನಡೆದು ಎಲ್ಲಿ ಬೇಕೋ ಅಲ್ಲಿ ಕೂರಲಿ. ಬೆಳಗ್ಗೆ ಏಳರ ಮೊದಲು ಹೋದರೆ ನೀರಿನ ಮೇಲೆ ಮಂಜು ಹೊಗೆಯಂತೆ ಏಳುತ್ತಿರುತ್ತದೆ. ಕುದುರೆಯವರೂ ಜೋಳದ ತೆನೆ ಸುಡುವವರೂ ಇನ್ನೂ ಬಂದಿರುವುದಿಲ್ಲ. ದೋಣಿಯಲ್ಲಿ ಹೋಗುವುದಾದರೆ ನಾವೇ ತುಳಿಯುವ ದೋಣಿ ಬೇಡ, ಹುಟ್ಟು ಹಾಕುವವನಿರುವ ದೋಣಿಯನ್ನೇ ಹಿಡಿಯಿರಿ. ಒಂದು ಅರ್ಧ ಗಂಟೆಯಾದರೂ ಗೃಹಿಣಿಯ ಕೈಕಾಲಿಗೆ ಕೆಲಸವಿಲ್ಲದಿರಲಿ.

ಎರಡನೆಯ ದಿನಕ್ಕೆ ಕೋಕರ್ಸ್ ವಾಕ್. 1872ರಲ್ಲಿ ಬೆಟ್ಟದ ಅಂಚಿನಲ್ಲಿ ಮಾಡಿದ ಕಾಲುದಾರಿ, ಉದ್ದ ಒಂದು ಕಿ.ಮೀ. ಇದ್ದೀತು. ಇಲ್ಲಿಗೂ ಬೆಳಗ್ಗೆಯೇ ಹೋಗಬೇಕು. ಹೊತ್ತೇರಿದರೆ ಮಂಜು ಕವಿದು ಎದುರಿಗೆ ಬಿಳಿ ಪರದೆ. ಪಿಲ್ಲರ್ ರಾಕ್ಸ್‌ಗೂ ಇದೇ ಮಾತು. 400 ಅಡಿಯ ಆ ಬಂಡೆಗಂಬಗಳನ್ನು ಮಂಜು ಬಿಟ್ಟುಕೊಟ್ಟರೆ ನೋಡಬೇಕು. ಗುಣಾ ಗುಹೆಗೆ ಹುಡುಗರು ಹಟ ಹಿಡಿಯುತ್ತಾರೆ, 2024ರ ಆ ಮಲಯಾಳಂ ಚಿತ್ರ ನೋಡಿದ ಮೇಲಂತೂ ಕೇಳುವುದೇ ಬೇಡ. ಅವರು ಹೋಗಿಬರಲಿ, ಹಿರಿಯರಿಗೆ ಅಲ್ಲೇನೂ ಇಲ್ಲ.

ವ್ಯಾನಿನವರು ಅವಸರ ಮಾಡಿಸುವ, ಆದರೆ ನೀವು ನಿಧಾನವಾಗಿ ನೋಡಬೇಕಾದ ಜಾಗವೆಂದರೆ ಸೌರ ವೀಕ್ಷಣಾಲಯ. ನಮಗೆ ಇದರೊಡನೆ ಒಂದು ನಂಟಿದೆ. ಇದರ ತಾಯಿಬೇರು ಇಲ್ಲೇ ನಮ್ಮ ನುಂಗಂಬಾಕ್ಕಂನಲ್ಲಿ 1792ರಿಂದ ಇದ್ದ ಮದ್ರಾಸ್ ವೀಕ್ಷಣಾಲಯ. 1876-78ರ ಭೀಕರ ಕ್ಷಾಮದ ನಂತರ ಸೂರ್ಯನಿಗೂ ಮಳೆಗೂ ಏನು ಸಂಬಂಧವೆಂದು ತಿಳಿಯುವ ಆಸಕ್ತಿ ಹೆಚ್ಚಿತು. ಕೊನೆಗೆ 1899ರಲ್ಲಿ ಕೆಲಸ ಈ ಬೆಟ್ಟಕ್ಕೆ ಏರಿತು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆಂದು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಇಲ್ಲಿಂದಲೇ. ಇಂದು ಇದನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಮದರಾಸಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಬೆಂಗಳೂರಿಗೆ! ನೂರು ವರ್ಷಕ್ಕೂ ಮಿಕ್ಕಿ ಸೂರ್ಯನ ಚಿತ್ರ ತೆಗೆದಿಟ್ಟ ಕಡೆ ಹತ್ತು ನಿಮಿಷಕ್ಕೆ "ಆಯ್ತು, ನಡೀರಿ" ಎಂದರೆ ಹೇಗೆ?

ಇನ್ನು ಕುರಿಂಜಿ ಆಂಡವರ್ ದೇವಸ್ಥಾನ. ಇದನ್ನು 1936ರಲ್ಲಿ ಕಟ್ಟಿಸಿದವರು ಒಬ್ಬ ಹೆಂಗಸು. ವಿದೇಶದಲ್ಲಿ ಹುಟ್ಟಿ, ಸಿಂಹಳದ ಪೊನ್ನಂಬಲಂ ರಾಮನಾಥನ್ ಅವರ ಕೈಹಿಡಿದು ಲೀಲಾವತಿಯಾದವರು. ಮುರುಗನಿಗೆ ಹೆಸರು ಕೊಟ್ಟ ಕುರಿಂಜಿ ಹೂ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿದಾಗ ನನ್ನ ಮಕ್ಕಳಿಗೆ ಅದಕ್ಕಿಂತ ಕುದುರೆಯೇ ಹೆಚ್ಚಾಗಿತ್ತು. 2018ರಲ್ಲಿ ಎಂಬತ್ತು ದಾಟಿದ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದೆವು. ರಸ್ತೆಯಂಚಿಗೇ ಒಂದು ಮಡಿಸುವ ಕುರ್ಚಿ ಹಾಕಿ ಕೂರಿಸಿದೆ. ಬಹಳ ಹೊತ್ತು ನೋಡಿ, "ಒಂದೊಂದೇ ನೋಡಿದರೆ ಏನೂ ಇಲ್ಲ, ಗುಡ್ಡ ಪೂರ್ತಿ ನೋಡಬೇಕು" ಎಂದರು. ಮುಂದಿನ ಸಲ ಯಾವಾಗ ಎಂದು ಕೇಳಿದರು. 2030 ಎಂದೆ. ಬೆರಳು ಮಡಿಸಿ ಎಣಿಸಿ ನಕ್ಕು, "ನೀನು ಬಾ, ಬಂದು ನನ್ನ ಪರವಾಗಿಯೂ ನೋಡು" ಎಂದರು. ಈಗ ಅವರಿಲ್ಲ. ಆ ಕುರ್ಚಿ ನಮ್ಮ ಬಾಲ್ಕನಿಯಲ್ಲಿದೆ.

ಆದ್ದರಿಂದ ಹಿರಿಯರಿದ್ದರೆ ಒಂದು ಮಡಿಸುವ ಕುರ್ಚಿ ಕಟ್ಟಿಕೊಳ್ಳಿ ಎಂಬುದು ನನ್ನ ಮುಖ್ಯ ಸಲಹೆ. ಹದಿನಾಲ್ಕರಲ್ಲಿ ನಾಲ್ಕೇ ಜಾಗ ಆರಿಸಿ, ಒಂದೊಂದರಲ್ಲೂ ಕುರ್ಚಿ ಹಾಕಿ. ಅವರು ನೋಡಿ ಸಾಕೆನ್ನುವವರೆಗೆ ಉಳಿದವರು ಸುತ್ತಾಡಿ ಬರಲಿ. ಡ್ರೈವರ್ ಗೊಣಗಿದರೆ ಗೊಣಗಲಿ, ಇಡೀ ದಿನದ ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡಿದ್ದರೆ ಆಯಿತು.

ಮೂರನೆಯ ದಿನವಿದ್ದರೆ ಪೂಂಬಾರೈ ಹಳ್ಳಿಗೆ ಹೋಗಿ. ಮೆಟ್ಟಿಲು ಮೆಟ್ಟಿಲಾಗಿ ಹೊಲ, ನಡುವೆ ಕುಳಂದೈ ವೇಲಪ್ಪರ್ ಗುಡಿ. ಇಲ್ಲಿನ ಮಲೆ ಬೆಳ್ಳುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಘಾಟು ಜಾಸ್ತಿ, ಸಾರಿಗೆ ನಾವು ಹಾಕುವುದರಲ್ಲಿ ಅರ್ಧ ಸಾಕು. ಕಟ್ಟುಗಟ್ಟಲೆ ಕೊಂಡು ಗಾಳಿಯಾಡುವ ಕಡೆ ತೂಗುಹಾಕಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಬಟ್ಟೆಯ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ರೈಲಿನ ಬೋಗಿಯವರೆಲ್ಲ ನಿಮ್ಮನ್ನೇ ನೋಡುತ್ತಾರೆ!